ಜೋರು ಮಳೆಯ ದಿನ ಬೆಲೆ ಹೇಳುವವರು ಯಾರು?

ಓದಿಗೋ ಕೆಲಸಕ್ಕೋ ಮಂಗಳೂರಿನ ಕೊಡಿಯಾಲ್‌ಬೈಲ್‌ಗೆ ಹೊಸದಾಗಿ ಬಂದು ರೂಮು ಹಿಡಿದವರು ಮೊದಲ ಮಳೆಗಾಲದಲ್ಲೇ ಕೇಳುವ ಪ್ರಶ್ನೆ ಒಂದುಂಟು. ರಸ್ತೆಯಲ್ಲಿ ಮೊಣಕಾಲುದ್ದ ನೀರು, ಕರೆಂಟಿಲ್ಲ, ಅಂಗಡಿಯಲ್ಲೂ ಆಟೋದಲ್ಲೂ ಹೇಳಿದ್ದೇ ರೇಟು. ಹೀಗೆ ಕೇಳಲು ಇವರಿಗೆ ಅಧಿಕಾರ ಉಂಟಾ? ನ್ಯಾಯಾಲಯ, ಕಾನೂನು ಕಾಲೇಜು ಎರಡೂ ನಡೆದು ಹೋಗುವಷ್ಟು ಹತ್ತಿರವಿರುವ ಈ ಊರಿನಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ಎಲ್ಲರಿಗೂ ತಿಳಿದಿರಬೇಕು ಎಂಬುದು ನನ್ನ ಆಸೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿದೆ. ನ್ಯೂಯಾರ್ಕ್ 1979ರಲ್ಲೇ ಅಂಥದ್ದನ್ನು ತಂದಿತು. ಕ್ಯಾಲಿಫೋರ್ನಿಯಾದಲ್ಲಿ ತುರ್ತುಸ್ಥಿತಿ ಘೋಷಣೆಯಾದ ಮೇಲೆ ಅಗತ್ಯ ವಸ್ತುಗಳ ಬೆಲೆಯನ್ನು ಸಾಮಾನ್ಯವಾಗಿ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ನಮ್ಮಲ್ಲಿ ಹಾಗೆ ಎಲ್ಲಕ್ಕೂ ಅನ್ವಯಿಸುವ ಒಂದೇ ಕಾನೂನು ಇಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು: ಈ ವಸ್ತುವಿನ ಬೆಲೆಯನ್ನು ಯಾರಾದರೂ ಮೊದಲೇ ನಿಗದಿ ಮಾಡಿದ್ದಾರೆಯೇ?

ಮೊಂಬತ್ತಿಯ ಪೊಟ್ಟಣವನ್ನು ತಿರುಗಿಸಿ ನೋಡಿ. ಅದರ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ರೂಪುಗೊಂಡ 2011ರ ನಿಯಮಗಳ ಪ್ರಕಾರ ಚಿಲ್ಲರೆ ಅಂಗಡಿಯವರು ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಬೆಲೆ ಏರಿಸಲು ಮೇಲೊಂದು ಸ್ಟಿಕ್ಕರ್ ಅಂಟಿಸುವುದೂ ತಪ್ಪು. ಹೊರಗೆ ಎಂಥ ಮಳೆಯೇ ಸುರಿಯಲಿ, ಈ ನಿಯಮ ಸಡಿಲವಾಗುವುದಿಲ್ಲ. ನೀರಿನ ಬಾಟಲಿಗೂ ಇದೇ ಮಾತು. ಆದರೆ ಹೋಟೆಲಿನಲ್ಲಿ ಕೂತು ಕುಡಿದರೆ ಲೆಕ್ಕ ಬೇರೆ. ಅಲ್ಲಿ ಕೊಡುವುದು ಬರೀ ಸರಕಲ್ಲ, ಸೇವೆಯೂ ಸೇರಿರುತ್ತದೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಎಂಆರ್‌ಪಿಗಿಂತ ಹೆಚ್ಚು ಪಡೆಯಲು ಅವಕಾಶ ಕೊಟ್ಟಿದೆ.

ಆಟೋ ಬಾಡಿಗೆಯೂ ಮೊದಲೇ ನಿಗದಿಯಾದದ್ದೇ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಅದನ್ನು ಗೊತ್ತುಪಡಿಸುತ್ತದೆ. ಮಳೆ ಬಂತೆಂದು ಮೀಟರಿನ ದರ ಬದಲಾಗುವುದಿಲ್ಲ.

ಕಷ್ಟ ಶುರುವಾಗುವುದು ಬೆಲೆ ಅಚ್ಚಾಗದ ವಸ್ತುಗಳಲ್ಲಿ. ರೋಲಿನಿಂದ ಕತ್ತರಿಸಿ ಕೊಡುವ ಟರ್ಪಾಲು, ತಳಮಹಡಿಯ ನೀರೆತ್ತುವ ಪಂಪಿನ ಬಾಡಿಗೆ, ಟ್ಯಾಂಕರ್ ನೀರು, ಲಾಡ್ಜಿನ ಕೋಣೆ. 1955ರ ಅಗತ್ಯ ವಸ್ತುಗಳ ಕಾಯ್ದೆ ಬೆಲೆ ಕಟ್ಟಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ, ನಿಜ. ಆದರೆ ಆ ಪಟ್ಟಿಯಲ್ಲಿರುವುದು ಔಷಧ, ಗೊಬ್ಬರ, ಆಹಾರ ಪದಾರ್ಥ, ಪೆಟ್ರೋಲಿಯಂ ಉತ್ಪನ್ನ, ಬಿತ್ತನೆ ಬೀಜದಂಥ ಕೆಲವೇ ವಸ್ತುಗಳು. ಟರ್ಪಾಲು ಅದರಲ್ಲಿಲ್ಲ. ಬೇಕೆಂದರೆ ಸೇರಿಸಬಹುದು: 2020ರ ಮಾರ್ಚ್‌ನಲ್ಲಿ ಮಾಸ್ಕ್ ಮತ್ತು ಸ್ಯಾನಿಟೈಸರ್‌ಗಳನ್ನು ಕೇಂದ್ರ ಸರ್ಕಾರ ಸೇರಿಸಿತು. ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿ.ಲೀ. ಸ್ಯಾನಿಟೈಸರಿಗೆ 100 ರೂಪಾಯಿ ಎಂದು ಮಿತಿ ಹಾಕಿತು. ಆ ಆದೇಶ ಬಂದ ಮೇಲೆಯೇ ಹೆಚ್ಚು ಕೇಳುವುದು ಅಪರಾಧವಾಯಿತು.

ಹವಾಮಾನದ ವಿಪತ್ತಿನಲ್ಲಿ ಇಂಥ ಆದೇಶ ಹೇಗಿರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. 2023ರ ಮುಂಗಾರು ಕೈಕೊಟ್ಟು 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಗೆ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್ ನೀರಿನ ಬೆಲೆ ಕೈಗೆಟುಕದಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ದರ ಕಟ್ಟಿತು. 5 ಕಿ.ಮೀ. ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. 5ರಿಂದ 10 ಕಿ.ಮೀ. ದೂರಕ್ಕೆ ಕ್ರಮವಾಗಿ 750, 850, 1,200. ಜಿಎಸ್‌ಟಿ ಬೇರೆ. ಈ ಪಟ್ಟಿಯಲ್ಲಿ ನನಗೆ ಮೆಚ್ಚುಗೆಯಾದದ್ದು ದೂರದ ಲೆಕ್ಕ. ಹೆಚ್ಚು ಡೀಸೆಲ್ ಸುಟ್ಟವರಿಗೆ ಹೆಚ್ಚು ಸಿಗುವುದು ನ್ಯಾಯವೇ. ಆದರೂ ಈ ದರ ಗಿಟ್ಟುವುದಿಲ್ಲ ಎಂದು ಟ್ಯಾಂಕರ್ ಮಾಲೀಕರು ತಕರಾರು ತೆಗೆದರು. ಬೇಸಿಗೆ ನೆತ್ತಿಗೇರುವ ಮೊದಲೇ ಅವರನ್ನು ಕೂರಿಸಿ ಮಾತಾಡಿದ್ದರೆ ಚೆನ್ನಾಗಿತ್ತು. ತುಂಬೆ ಅಣೆಕಟ್ಟಿನಲ್ಲಿ ನೀರಿಳಿದು 2016ರಲ್ಲೂ 2019ರಲ್ಲೂ ರೇಷನಿಂಗ್ ಕಂಡ ಮಂಗಳೂರಿಗೂ ಈ ಮಾತು ಸಲ್ಲುತ್ತದೆ.

ಆದೇಶ ಇಲ್ಲದ ಕಡೆ ಏನಾಗುತ್ತದೆ? 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಮುಳುಗಿದಾಗ ಮನೆ ಬಿಟ್ಟವರಿಗೆ ಹೋಟೆಲ್ ಕೋಣೆಗಳು ರಾತ್ರಿಗೆ 30ರಿಂದ 40 ಸಾವಿರ ರೂಪಾಯಿಯಾದವೆಂದು ಪತ್ರಿಕೆಗಳು ವರದಿ ಮಾಡಿದವು. ಕೋಣೆಗೆ ಎಂಆರ್‌ಪಿ ಇಲ್ಲ. ಮಗುವನ್ನೆತ್ತಿಕೊಂಡು ಒದ್ದೆ ಬಟ್ಟೆಯಲ್ಲಿ ನಿಂತವರೊಡನೆ ಮಾಡುವ ಇಂಥ ವ್ಯಾಪಾರ ತಪ್ಪೆಂದೇ ನನ್ನ ಖಚಿತ ಅಭಿಪ್ರಾಯ. ಕಾನೂನು ಇಲ್ಲಿ ಇನ್ನಷ್ಟು ಸ್ಪಷ್ಟವಾಗಬೇಕು.

ಹಾಗಂತ ಏರಿದ ಬೆಲೆಯೆಲ್ಲ ಸುಲಿಗೆಯಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿತ್ತು. ಹಾಸನದ ಕಡೆಯಿಂದ ಬರುವ ತರಕಾರಿ ಲಾರಿ ಆಗ ಸುತ್ತು ಬಳಸಿ ಬರಬೇಕು, ದಾರಿಯಲ್ಲಿ ಅರ್ಧ ಟೊಮೆಟೊ ಕೊಳೆತಿರುತ್ತದೆ. ಆ ನಷ್ಟವನ್ನು ಅಂಗಡಿಯವರು ಬೆಲೆಗೆ ಸೇರಿಸಿದರೆ ಅವರನ್ನು ಬೈಯುವಂತಿಲ್ಲ. ಹಿಂದಿನ ತಿಂಗಳೇ ತಂದು ಅಟ್ಟದಲ್ಲಿಟ್ಟ ಟರ್ಪಾಲಿಗೆ ಮಳೆ ನೋಡಿ ದುಪ್ಪಟ್ಟು ಕೇಳಿದರೆ ಮಾತ್ರ ಅದು ಬೇರೆಯೇ ವಿಷಯ. ಆಹಾರಧಾನ್ಯವನ್ನು ಅಕ್ರಮವಾಗಿ ಬಚ್ಚಿಟ್ಟು ಕಾಳಸಂತೆಯಲ್ಲಿ ಮಾರುವವರನ್ನು ಆರು ತಿಂಗಳವರೆಗೆ ಬಂಧನದಲ್ಲಿಡಲು 1980ರ ಇನ್ನೊಂದು ಕಾಯ್ದೆಯಿದೆ.

ಬೆಲೆ ಕಟ್ಟುವುದಲ್ಲದೆ ಆಡಳಿತದ ಕೈಯಲ್ಲಿ ಇನ್ನೊಂದು ದಾರಿಯೂ ಇದೆ. ಜಿಲ್ಲಾಧಿಕಾರಿಯವರೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಮಿನಡಿ ರಕ್ಷಣಾ ಕಾರ್ಯಕ್ಕೆ ವಾಹನವನ್ನೂ ಕಟ್ಟಡವನ್ನೂ ವಶಕ್ಕೆ ಪಡೆಯುವ ಅಧಿಕಾರ ಪ್ರಾಧಿಕಾರಕ್ಕಿದೆ. ಮಾಲೀಕರಿಗೆ ಪರಿಹಾರ ಕೊಡಬೇಕು. ವಾಹನಕ್ಕಾದರೆ ಆ ಊರಿನಲ್ಲಿ ಚಾಲ್ತಿಯಲ್ಲಿರುವ ಬಾಡಿಗೆಯೇ ಅದಕ್ಕೆ ಅಳತೆ.

ನಿಮ್ಮ ಕೈಯಲ್ಲಿರುವ ದಾರಿ ಇಷ್ಟು. ಬಿಲ್ ಕೇಳಿ. ಕೊಡದಿದ್ದರೆ ಪೊಟ್ಟಣದ ಫೋಟೊ ತೆಗೆದು, ಯುಪಿಐಯಲ್ಲಿ ಹಣ ಕೊಡಿ. ಕೊಟ್ಟ ಮೊತ್ತಕ್ಕೆ ದಾಖಲೆ ಉಳಿಯುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪ್ರಾಣಕ್ಕೆ ಅಪಾಯವಿದ್ದರೆ ಬೆಲೆಯ ಜಗಳ ಬಿಟ್ಟು ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಪೊಟ್ಟಣದಲ್ಲಿ ಅಚ್ಚಾದ, ದರಪಟ್ಟಿಯಲ್ಲಿ ಬರೆದ ಅಥವಾ ಮಾತಾಡಿ ಒಪ್ಪಿದ ಬೆಲೆಗಿಂತ ಹೆಚ್ಚು ವಸೂಲು ಮಾಡಿದರೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಗಡುವು ಎರಡು ವರ್ಷ. ಆದ್ದರಿಂದ ನೀರಿಳಿದು ಮನೆ ಒಣಗಿದ ಮೇಲೆ ಕೂತು ದೂರು ಬರೆದರೂ ಸಾಕು.