ಪೂಜೆಯ ನಡುವೆ ದೀಪ ಆರಿದರೆ ಕೇಡೇ? ರೋಮಿನ ವೆಸ್ತಾ ದೇವಿಯ ಅಗ್ನಿ

ಪ್ರಶ್ನೆ: ಮಗನ ಜೊತೆ ಇಟಲಿ ಪ್ರವಾಸ ಹೋಗಿದ್ದಾಗ ರೋಮಿನಲ್ಲಿ ವೆಸ್ತಾ ಎಂಬ ದೇವಿಯ ಪಾಳುಗುಡಿ ನೋಡಿದೆವು. ಅಲ್ಲಿನ ಬೆಂಕಿ ಆರಿದರೆ ದೇಶಕ್ಕೇ ಕೇಡು ಅಂತ ನಂಬಿದ್ದರಂತೆ, ಕಾಯುತ್ತಿದ್ದ ಕನ್ಯೆಗೆ ಚಾಟಿಯಲ್ಲಿ ಹೊಡೆಯುತ್ತಿದ್ದರಂತೆ. ಊರಿಗೆ ಬಂದ ಮೇಲೆ ಒಂದು ಶುಕ್ರವಾರ ಪೂಜೆಯ ನಡುವೆಯೇ ನಮ್ಮ ದೇವರ ದೀಪ ಆರಿಹೋಯಿತು. ದೀಪ ನೋಡಿಕೊಳ್ಳುತ್ತಿದ್ದವಳು ನನ್ನ ಸೊಸೆ, ಮೂರು ತಿಂಗಳ ಗರ್ಭಿಣಿ. "ನಿನ್ನಿಂದಲೇ ಹೀಗಾಯ್ತು" ಅಂತ ನಮ್ಮ ಅತ್ತೆಯವರು ದಿನವೂ ಅನ್ನುತ್ತಾರೆ. ಎರಡು ದೇಶದವರಿಗೂ ಒಂದೇ ಭಯ ಇದ್ದರೆ ಅದು ನಿಜವೇ ಇರಬೇಕಲ್ಲವೇ? ಯಾವ ಶಾಂತಿ ಮಾಡಿಸಬೇಕು? ಅವರು ಅಗ್ನಿಪೂಜೆಯನ್ನು ನಮ್ಮಿಂದ ಕಲಿತರೇ?
— ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯೀ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಎಣ್ಣೆ ಮುಗಿದೋ, ಬತ್ತಿ ಕರಿಗಟ್ಟಿಯೋ, ಗಾಳಿ ಬೀಸಿಯೋ ಆರಿದ ದೀಪ ಅಪಶಕುನ ಅಲ್ಲ. ಶಾಂತಿಹೋಮ ಬೇಕಿಲ್ಲ, ಸೊಸೆಯ ಜಾತಕ ಕಳಿಸುವುದೂ ಬೇಡ. ರೋಮಿನ ಕಥೆಯನ್ನು ನೀವು ಅರ್ಧ ಕೇಳಿ ಹೆದರಿದ್ದೀರಿ. ಪೂರ್ತಿ ಕೇಳಿ, ಹೆದರಿಕೆ ತಾನಾಗಿ ಹೋಗುತ್ತೆ.

ವೆಸ್ತಾ ಎಂದರೆ ಒಲೆಯ ದೇವತೆ. ರೋಮಿನ ಫೋರಂನಲ್ಲಿದ್ದ ಆಕೆಯ ದುಂಡನೆಯ ಗುಡಿಯೊಳಗೆ ವಿಗ್ರಹವಿರಲಿಲ್ಲ, ಅಗ್ನಿಯೇ ದೇವಿ. ಅದನ್ನು ಕಾಯಲು ಆರು ಕನ್ಯೆಯರು. ಆರರಿಂದ ಹತ್ತು ವರ್ಷದೊಳಗೆ ಆಯ್ಕೆಯಾಗಿ, 30 ವರ್ಷ ಬ್ರಹ್ಮಚರ್ಯದಲ್ಲಿ ಸೇವೆ: ಹತ್ತು ವರ್ಷ ಕಲಿಯುವುದು, ಹತ್ತು ವರ್ಷ ಮಾಡುವುದು, ಹತ್ತು ವರ್ಷ ಕಿರಿಯರಿಗೆ ಕಲಿಸುವುದು. ಆಮೇಲೆ ಬೇಕಾದರೆ ಮದುವೆಯಾಗಬಹುದಿತ್ತು. ರಾಜ್ಯದ ಬಲಿಗಳಿಗೆ ಬೇಕಾದ ಉಪ್ಪು ಬೆರೆತ ಧಾನ್ಯದ ಹಿಟ್ಟನ್ನು ಸಿದ್ಧಮಾಡುವವರೂ ಇವರೇ.

ಬೆಂಕಿ ಆರಿದರೆ ಮಹಾಪುರೋಹಿತ ಚಾಟಿಯಿಂದ ಹೊಡೆಯುತ್ತಿದ್ದದ್ದು ನಿಜ. ಆದರೆ ಆಮೇಲೆ ಏನು ಮಾಡುತ್ತಿದ್ದರು, ಅದು ಮುಖ್ಯ. ಶುಭವೃಕ್ಷದ ಹಲಗೆಯನ್ನು ಕಡೆದು ಹೊಸ ಬೆಂಕಿ ಹುಟ್ಟಿಸಿ, ಕಂಚಿನ ಜರಡಿಯಲ್ಲಿಟ್ಟು ಗುಡಿಗೆ ಒಯ್ಯುತ್ತಿದ್ದರು. ನಾವು ಅರಣಿ ಕಡೆಯುವುದು ನಿಮಗೆ ನೆನಪಾಗಬಹುದು. ಅಷ್ಟೇ ಅಲ್ಲ, ಪ್ರತಿ ವರ್ಷ ಮಾರ್ಚ್ 1ರಂದು, ಅಂದರೆ ಅವರ ಹಳೆಯ ಪಂಚಾಂಗದ ವರ್ಷಾರಂಭಕ್ಕೆ, ಬೆಂಕಿಯನ್ನು ಅವರೇ ಹೊಸದು ಮಾಡುತ್ತಿದ್ದರು. ನಮ್ಮ ಗೃಹ್ಯಸೂತ್ರಗಳಲ್ಲೂ ಔಪಾಸನಾಗ್ನಿ ಆರಿದರೆ ಪ್ರಾಯಶ್ಚಿತ್ತ ಮಾಡಿ ಮತ್ತೆ ಅಗ್ನಿಯನ್ನು ಸ್ಥಾಪಿಸಲು ವಿಧಿ ಇದೆ. ಬೆಂಕಿ ಅಂದಮೇಲೆ ಒಮ್ಮೊಮ್ಮೆ ಆರುತ್ತೆ ಅಂತ ಹಿಂದಿನವರಿಗೆ ಗೊತ್ತಿತ್ತು. ಅದಕ್ಕೇ ವಿಧಿ ಮಾಡಿಟ್ಟರು.

ಇನ್ನು ಕ್ರಿ.ಪೂ. 206ರ ಸಂಗತಿ ಕೇಳಿ. ಹ್ಯಾನಿಬಲ್ ತನ್ನ ಸೈನ್ಯದೊಡನೆ ಇಟಲಿಯಲ್ಲೇ ಬೀಡುಬಿಟ್ಟಿದ್ದ ಕಾಲ. ದಿನಕ್ಕೊಂದು ಅಪಶಕುನದ ಸುದ್ದಿ. ಅಂಥದ್ದರಲ್ಲಿ ವೆಸ್ತಾ ಗುಡಿಯ ಬೆಂಕಿ ಆರಿತು, ಊರೆಲ್ಲ ನಡುಗಿತು. ಆ ರಾತ್ರಿ ಕಾವಲಿದ್ದ ಕನ್ಯೆಗೆ ಚಾಟಿಯೇಟು ಬಿತ್ತು. ಇದನ್ನು ಬರೆದಿಟ್ಟ ಇತಿಹಾಸಕಾರ ಲಿವಿ ಒಂದು ಮಾತು ಸೇರಿಸುತ್ತಾನೆ: ಇದು ದೇವರು ತೋರಿಸಿದ ಶಕುನವಲ್ಲ, ಮನುಷ್ಯರ ಅಜಾಗ್ರತೆ. ಹಾಗಿದ್ದರೂ ಮನಸ್ಸಮಾಧಾನಕ್ಕೆ ಬಲಿ, ಪ್ರಾರ್ಥನೆ ನಡೆಸಿದರು. ಮುಂದೇನಾಯ್ತು? ನಾಲ್ಕೇ ವರ್ಷದಲ್ಲಿ, ಕ್ರಿ.ಪೂ. 202ರಲ್ಲಿ, ಜಾಮಾ ಕಾಳಗದಲ್ಲಿ ಅದೇ ಹ್ಯಾನಿಬಲ್ ಸೋತ. ಬೆಂಕಿ ಆರಿದ ರೋಮ್ ಗೆದ್ದಿತು! ಕೇಡು ಬಂದದ್ದು ಪೆಟ್ಟು ತಿಂದ ಆ ಒಬ್ಬ ಹೆಣ್ಣುಮಗಳಿಗೆ ಮಾತ್ರ.

ನಿಮ್ಮ ಮನೆಯಲ್ಲೂ ಅದೇ ನಡೆಯುತ್ತಿದೆ ನೋಡಿ. ನಮ್ಮಲ್ಲಿ ಚಾಟಿ ಇಲ್ಲ, ನಾಲಗೆ ಇದೆ. ಬಸುರಿ ಹೆಂಗಸನ್ನು ದಿನವೂ ನೋಯಿಸುವುದಕ್ಕಿಂತ ದೊಡ್ಡ ದೋಷ ಆರಿದ ದೀಪದಲ್ಲಿಲ್ಲ.

ರೋಮನ್ನರ ಮನೆಪೂಜೆಯನ್ನೂ ಸ್ವಲ್ಪ ತಿಳಿದುಕೊಳ್ಳಿ. ಲಾರ್ ಎಂದರೆ ಮನೆಯನ್ನು ಕಾಯುವ ದೇವರು, ಪೆನಾತೆಸ್ ಎಂದರೆ ಉಗ್ರಾಣದ ದೇವರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತ ಪೊಂಪೇಯಿ ಊರಿನ ಮನೆಗಳಲ್ಲಿ ಇವರ ಗೂಡುಗಳು ಇಂದಿಗೂ ಇವೆ, ಎಷ್ಟೋ ಕಡೆ ಅಡುಗೆಮನೆಯ ಗೋಡೆಯಲ್ಲೇ. ಕೆಳಗೆ ಸರ್ಪದ ಚಿತ್ರವೂ ಉಂಟು. ಮುಖ್ಯ ಊಟದ ನಡುವೆ ಒಂದು ಪಾಲನ್ನು ಒಲೆಯ ಬೆಂಕಿಗೆ ಅರ್ಪಿಸಿ, ದೇವರು ಪ್ರಸನ್ನನಾದ ಎಂದು ಹೇಳುವವರೆಗೆ ಎಲ್ಲರೂ ಮೌನವಾಗಿರುತ್ತಿದ್ದರು. ನಮ್ಮ ವೈಶ್ವದೇವದ ನೆನಪು ಬರುತ್ತೆ. ಕೇಟೋ ಎಂಬ ಹಿರಿಯ ತನ್ನ ಬೇಸಾಯದ ಪುಸ್ತಕದಲ್ಲಿ ತೋಟದಮನೆ ನೋಡಿಕೊಳ್ಳುವ ಹೆಂಗಸಿಗೆ ಹೇಳುತ್ತಾನೆ: ದಿನವೂ ಮಲಗುವ ಮುನ್ನ ಒಲೆಯ ಸುತ್ತ ಗುಡಿಸು, ತಿಂಗಳ ಮೂರು ಪರ್ವದಿನ ಮತ್ತು ಹಬ್ಬಗಳಲ್ಲಿ ಒಲೆಗೆ ಹೂಮಾಲೆ ಹಾಕಿ ಮನೆದೇವರನ್ನು ಪ್ರಾರ್ಥಿಸು. ಇಷ್ಟೇ ಪೂಜೆ.

ನಮ್ಮಿಂದ ಕಲಿತರೇ ಅಂದಿರಿ. ಇಲ್ಲ. ನಮ್ಮ ಅಗ್ನಿ ಶಬ್ದಕ್ಕೂ ಅವರ ಲ್ಯಾಟಿನ್ನಿನ ಇಗ್ನಿಸ್‌ಗೂ, ದೇವ ಶಬ್ದಕ್ಕೂ ಅವರ ದೇವುಸ್‌ಗೂ ಮೂಲ ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ದಾಯಾದಿಗಳ ಮನೆಯಲ್ಲಿ ಹೋಲಿಕೆ ಇದ್ದಂತೆ. ಅಷ್ಟಕ್ಕೇ ಒಬ್ಬರು ಇನ್ನೊಬ್ಬರಿಂದ ತಂದರು ಅನ್ನಲಾಗದು. ಹಾಗೆಯೇ, ಇಬ್ಬರಿಗೂ ಭಯ ಇತ್ತು ಅಂದಮಾತ್ರಕ್ಕೆ ಭಯ ಸತ್ಯವಾಗುವುದೂ ಇಲ್ಲ.

ಹಾಗಾದರೆ ಆ ಅಗ್ನಿ ಕೊನೆಗೆ ಹೇಗೆ ನಿಂತಿತು? ಎಷ್ಟೋ ಸಲ ಆರಿದರೂ ಮತ್ತೆ ಹೊತ್ತಿತ್ತಲ್ಲ. ಕಾಲ ಬದಲಾಗಿ, ಕ್ರಿ.ಶ. 392ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಹಳೆಯ ಪೂಜೆಗಳನ್ನು ನಿಷೇಧಿಸಿದ. ಮನೆಯೊಳಗೆ ಲಾರ್‌ಗೆ ಬೆಂಕಿ, ಪೆನಾತೆಸ್‌ಗೆ ಧೂಪ, ದೀಪ, ಹೂಮಾಲೆ ಇವೂ ಕೂಡದು ಎಂದು ಆ ಶಾಸನ ಹೇಳುತ್ತದೆ. ಆರಿದ್ದಕ್ಕಲ್ಲ, ಹೊತ್ತಿಸುವ ಕೈ ಇಲ್ಲದ್ದಕ್ಕೆ ಅದು ನಿಂತಿತು. ನಿಮ್ಮ ಮನೆಯಲ್ಲಿ ಹೊತ್ತಿಸುವ ಕೈ ಇದೆ. ಆ ಕೈಯನ್ನು ಹೆದರಿಸಬೇಡಿ. ಇವತ್ತು ಹೆದರಿದವಳು ನಾಳೆ ದೀಪದ ಹತ್ತಿರವೇ ಬರುವುದಿಲ್ಲ.

ಈಗ ಮಾಡಬೇಕಾದದ್ದು ಇಷ್ಟು:

1. ಪೂಜೆಗೆ ಮುಂಚೆ ಬತ್ತಿಯ ಕರಿ ತೆಗೆದು, ಸಾಕಷ್ಟು ಎಣ್ಣೆ ಹಾಕಿ. ಫ್ಯಾನ್ ಆಫ್ ಮಾಡಿ.

2. ನಡುವೆ ಆರಿದರೆ ಗಾಬರಿ ಬೇಡ. ಇಷ್ಟದೇವತೆಯನ್ನು ನೆನೆದು, ಮತ್ತೆ ಹಚ್ಚಿ, ಪೂಜೆ ನಿಂತಲ್ಲಿಂದ ಮುಂದುವರಿಸಿ. ಕೊನೆಯಲ್ಲಿ ಹೇಗೂ ಕ್ಷಮಾಪ್ರಾರ್ಥನೆ ಇದ್ದೇ ಇದೆ.

3. ಬರುವ ಶುಕ್ರವಾರ ಸೊಸೆಯ ಕೈಯಿಂದಲೇ ದೀಪ ಹಚ್ಚಿಸಿ. ಅತ್ತೆಯವರು ಪಕ್ಕದಲ್ಲಿ ಕೂತು, ಅವಳ ತಲೆಯ ಮೇಲೆ ಅಕ್ಷತೆ ಹಾಕಿ ಆಶೀರ್ವಾದ ಮಾಡಲಿ. ನೀವು ಕೇಳಿದ ಶಾಂತಿ ಇದೇ.

ಸೊಸೆಗೆ ಸುಖಪ್ರಸವವಾಗಲಿ, ಮನೆಗೆ ಮಂಗಳವಾಗಲಿ.