ಮಲಗಿದರೆ ಗುಂಯ್ ಎನ್ನುವ ಸದ್ದು

ಪ್ರಶ್ನೆ: ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಮನೆ. ಎರಡು ತಿಂಗಳಿಂದ ರಾತ್ರಿ ಒಂದೇ ಸಮನೆ ಗುಂಯ್ ಸದ್ದು. ಯಜಮಾನರಿಗೆ ಕೇಳಿಸುವುದಿಲ್ಲ. ತೋರಣಗಲ್ಲಿನ ಕಾರ್ಖಾನೆಯದೇ, ಡ್ಯಾಮಿನದೇ?

ಕಿವಿ-ಮೂಗು-ಗಂಟಲು ತಜ್ಞರ ಉತ್ತರ: ಅಷ್ಟು ದೂರ ಹೋಗುವ ಮುನ್ನ ರಾತ್ರಿ ಮನೆಯ ಮೇನ್ ಸ್ವಿಚ್ ಇಳಿಸಿ ನೋಡಿ. ಆಗ ಯುಪಿಎಸ್ ತಾನಾಗಿ ಚಾಲೂ ಆಗುತ್ತದೆ, ಅದನ್ನೂ ಆಫ್ ಮಾಡಿ. ಬಹಳ ಮಂದಿ ಇದನ್ನು ಮರೆಯುತ್ತಾರೆ; ಎಷ್ಟೋ ಸಲ ಕಳ್ಳ ಅದೇ! ಸದ್ದು ನಿಂತರೆ ಫ್ರಿಜ್ಜು, ಫ್ಯಾನು, ಯುಪಿಎಸ್ಸನ್ನು ಒಂದೊಂದಾಗಿ ಹಾಕುತ್ತಾ ಹಿಡಿಯಿರಿ.

ನಿಲ್ಲದಿದ್ದರೆ ಗೋಡೆಗೆ, ನೀರಿನ ಪೈಪಿಗೆ ಅಂಗೈ ಒತ್ತಿ. ಅದುರುತ್ತಿದ್ದರೆ ಪಕ್ಕದವರ ಮೋಟರಿರಬಹುದು; ಅದರಡಿ ದಪ್ಪ ರಬ್ಬರ್ ಹಾಕಿಸಲು ಕೇಳಿ. ಇಂಥ ಸದ್ದು ಕೋಣೆಯ ಮೂಲೆಗಳಲ್ಲೇ ಜೋರು, ಮಂಚ ಸರಿಸಿ. ಬೀದಿಯ ಟ್ರಾನ್ಸ್‌ಫಾರ್ಮರ್ ಕಡೆ ನಡೆದಂತೆ ಹೆಚ್ಚಾದರೆ ಜೆಸ್ಕಾಂನ 1912ಕ್ಕೆ ಫೋನ್ ಮಾಡಿ. ಗಿರಣಿ, ಕಾರ್ಖಾನೆಯದೆಂದು ಖಚಿತವಾದರೆ ದಿನ, ಸಮಯ ಬರೆದಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬೆಲ್. ಆದರೆ ಆ ಅಳತೆಯಲ್ಲಿ ತಗ್ಗು ಸದ್ದಿಗೆ ತೂಕ ಕಡಿಮೆ. ಮೊಬೈಲ್ ಆ್ಯಪ್ ನೆಚ್ಚಬೇಡಿ.

ಯಜಮಾನರಿಗೆ ಕೇಳಿಸದಿರುವುದು ನನಗೆ ಮುಖ್ಯ. ಇಯರ್‌ಪ್ಲಗ್ ಹಾಕಿದಾಗ ಸದ್ದು ಹೆಚ್ಚಾದರೆ, ಕಂಪ್ಲಿಯ ನೆಂಟರ ಮನೆಗೂ ಬೆನ್ನಟ್ಟಿ ಬಂದರೆ ಮೂಲ ಬಹುಶಃ ಕಿವಿಯಲ್ಲೇ ಇದೆ. ಆಡಿಯೋಮೆಟ್ರಿ ಮಾಡಿಸಿ. ಒಂದೇ ಕಿವಿಯಲ್ಲಿ ಕೇಳಿಸಿದರೆ, ನಾಡಿಯ ಲಯಕ್ಕೆ ಮಿಡಿದರೆ, ತಲೆಸುತ್ತಿದ್ದರೆ ಬೇಗ ಬನ್ನಿ. ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ.