ಮುಂಗಾರಿಗೆ ಮುನ್ನ ಮಂದೆಯ ರಕ್ಷಣೆ: ಕುರಿಗಳ ಕರುಳುಬೇನೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಪೀಠಿಕೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತ ಬೇಸಾಯದ ಪ್ರದೇಶಗಳಾಗಿವೆ. ಮಳೆ ಕೈಕೊಟ್ಟು ರಾಗಿಯೂ ಕಡಲೆಕಾಯಿಯೂ ಮನೆ ಸೇರದ ವರ್ಷದಲ್ಲಿ ಅನೇಕ ಕುಟುಂಬಗಳಿಗೆ ಆಸರೆಯಾಗುವುದು ಕುರಿಮಂದೆ. ಮಕ್ಕಳ ಶಾಲಾ ಶುಲ್ಕ, ಮದುವೆಯ ಖರ್ಚು, ಸಾಲದ ಕಂತು ಇವೆಲ್ಲಕ್ಕೂ ಒಂದೆರಡು ಟಗರುಗಳನ್ನು ಮಾರುವುದು ಇಲ್ಲಿನ ರೂಢಿ. ಹೊಳವನಹಳ್ಳಿ ಸುತ್ತಿನ ಗ್ರಾಮಗಳ ಕುರಿಸಾಕಾಣಿಕೆದಾರರಿಗೆ ಅಕ್ಕಿರಾಂಪುರದ ಕುರಿಸಂತೆಯೇ ಬ್ಯಾಂಕಿನಂತೆ ಒದಗುತ್ತದೆ.

ಈ ಆಸರೆಯನ್ನು ಒಂದೇ ರಾತ್ರಿಯಲ್ಲಿ ಕುಗ್ಗಿಸಬಲ್ಲ ರೋಗವೇ ಕರುಳುಬೇನೆ. ಪಶುವೈದ್ಯರು ಇದನ್ನು ಎಂಟರೊಟಾಕ್ಸೀಮಿಯಾ ಎಂದು ಕರೆಯುತ್ತಾರೆ. ರೋಗ ಕಾಣಿಸಿಕೊಂಡ ಮೇಲೆ ಚಿಕಿತ್ಸೆಗೆ ಕಾಲಾವಕಾಶವೇ ಇರುವುದಿಲ್ಲ. ಕಾಲಾವಕಾಶವಿರುವುದು ಮಳೆಗೆ ಮುನ್ನ ಮಾತ್ರ. ಆದುದರಿಂದ ಈ ರೋಗದ ತಡೆ ಔಷಧಿಯ ಪ್ರಶ್ನೆ ಎನ್ನುವುದಕ್ಕಿಂತ ದಿನಾಂಕ ನಿಗದಿಯ ಪ್ರಶ್ನೆಯಾಗಿದೆ. ಆ ದಿನಾಂಕವನ್ನು ಇಡೀ ಗ್ರಾಮಕ್ಕೆ ಅನ್ವಯಿಸುವಂತೆ ಗೊತ್ತುಪಡಿಸುವುದರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ ದೊಡ್ಡದು.

ರೋಗ ಹುಟ್ಟುವ ಬಗೆ

ಈ ರೋಗಕ್ಕೆ ಕಾರಣ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಡಿ ಪ್ರಭೇದ. ಇದು ಮಣ್ಣಿನಲ್ಲಿ ಬೀಜಕಣದ ರೂಪದಲ್ಲಿ ದೀರ್ಘಕಾಲ ಉಳಿಯಬಲ್ಲದು. ಆರೋಗ್ಯವಂತ ಕುರಿಯ ಕರುಳಿನಲ್ಲಿಯೂ ಅಲ್ಪ ಸಂಖ್ಯೆಯಲ್ಲಿ ಇರುತ್ತದೆ. ಸಾಮಾನ್ಯ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ. ಒಣಮೇವಿಗೆ ಒಗ್ಗಿದ್ದ ಕುರಿ ಏಕಾಏಕಿ ಎಳೆಹುಲ್ಲನ್ನೋ ಕಾಳನ್ನೋ ಹೊಟ್ಟೆ ತುಂಬ ತಿಂದಾಗ ಅಪಾಯ ಆರಂಭವಾಗುತ್ತದೆ. ಪೂರ್ತಿ ಜೀರ್ಣವಾಗದ ಪಿಷ್ಟ ಸಣ್ಣಕರುಳನ್ನು ತಲುಪಿ ಬ್ಯಾಕ್ಟೀರಿಯಾಕ್ಕೆ ಆಹಾರವಾಗುತ್ತದೆ. ಅದು ಕೆಲವೇ ಗಂಟೆಗಳಲ್ಲಿ ಅಪಾರವಾಗಿ ವೃದ್ಧಿಸಿ ಎಪ್ಸಿಲಾನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಈ ವಿಷ ಮೊದಲು ನಿಷ್ಕ್ರಿಯವಾಗಿದ್ದು, ಕುರಿಯ ಜೀರ್ಣರಸದ ಸಂಪರ್ಕದಿಂದಲೇ ಪ್ರಬಲವಾಗುತ್ತದೆ. ಬಳಿಕ ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಿ ಮಿದುಳು ಹಾಗೂ ಮೂತ್ರಪಿಂಡಗಳಿಗೆ ಹಾನಿಯುಂಟುಮಾಡುತ್ತದೆ.

ಆದುದರಿಂದಲೇ ಈ ರೋಗಕ್ಕೆ ಬಲಿಯಾಗುವುದು ಬಡಕಲು ಮರಿಯಲ್ಲ. ಮಂದೆಯಲ್ಲಿ ಚೆನ್ನಾಗಿ ಮೇಯುವ, ಚೆನ್ನಾಗಿ ಬೆಳೆದ ಮರಿ. ಸಂಜೆ ಹೊಟ್ಟೆ ತುಂಬಿ ಹಟ್ಟಿ ಸೇರಿದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಕೆಲವು ಮರಿಗಳಲ್ಲಿ ತಲೆ ಹಿಂದಕ್ಕೆ ಬಾಗುವುದು, ಹಲ್ಲು ಕಡಿಯುವುದು, ನೆಲಕ್ಕೆ ಬಿದ್ದು ಕಾಲು ಬಡಿಯುವುದು, ನೀರಾಗಿ ಭೇದಿಯಾಗುವುದು ಕಂಡುಬರುತ್ತವೆ. ಮೇಕೆಗಳಲ್ಲಿ ಭೇದಿಯ ಲಕ್ಷಣ ಹೆಚ್ಚು. ಸತ್ತ ಪ್ರಾಣಿಯ ದೇಹ ಬೇಗನೆ ಕೊಳೆಯುತ್ತದೆ, ಮೂತ್ರಪಿಂಡಗಳು ಮೆತ್ತಗಾಗಿರುತ್ತವೆ.

ಕಾರಣ ತಿಳಿಯದಿದ್ದಾಗ ಹಾವು ಕಚ್ಚಿತೆಂದೋ, ದೃಷ್ಟಿ ತಗುಲಿತೆಂದೋ, ಪಕ್ಕದ ಹೊಲದವರು ವಿಷವಿಟ್ಟರೆಂದೋ ಮಾತು ಹುಟ್ಟುವುದುಂಟು. ಇದರಿಂದ ಕುರಿಯ ನಷ್ಟದ ಜೊತೆಗೆ ನೆರೆಹೊರೆಯ ಸೌಹಾರ್ದವೂ ಕೆಡುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿಯೂ ಕುರಿಗಳು ಹೀಗೆ ಹಠಾತ್ತನೆ ಸಾಯುತ್ತಿದ್ದವು. 1930ರ ದಶಕದ ಆರಂಭದಲ್ಲಿ ಪಶುವೈದ್ಯ ವಿಜ್ಞಾನಿ ಬೆನೆಟ್ಸ್ ಅವರು ಅಲ್ಲಿನ ಸಾವುಗಳಿಗೆ ಕರುಳಿನ ಈ ವಿಷವೇ ಕಾರಣವೆಂದು ತೋರಿಸಿದರು. ಕಾರಣ ತಿಳಿದ ಮೇಲೆ ಲಸಿಕೆಯ ದಾರಿ ತೆರೆಯಿತು.

ಅಪಾಯದ ಕಾಲಗಳು

ಈ ನಾಲ್ಕು ತಾಲ್ಲೂಕುಗಳ ಬೇಸಾಯದ ಕ್ರಮವನ್ನು ಗಮನಿಸಿದರೆ ವರ್ಷದಲ್ಲಿ ಮೂರು ಸಂದರ್ಭಗಳು ಎದ್ದು ಕಾಣುತ್ತವೆ.

ಮೊದಲನೆಯದು, ರೋಹಿಣಿ ಮತ್ತು ಮೃಗಶಿರ ಮಳೆಗಳ ನಂತರ ಎಳೆಹುಲ್ಲು ಚಿಗುರುವ ಕಾಲ. ಬೇಸಿಗೆಯುದ್ದಕ್ಕೂ ಒಣಹುಲ್ಲು ಮತ್ತು ಜಾಲಿಕಾಯಿ ತಿಂದು ಬದುಕಿದ ಮಂದೆ ಹಸಿರು ಕಂಡೊಡನೆ ಮಿತಿಮೀರಿ ಮೇಯುತ್ತದೆ. ಎರಡನೆಯದು, ಕಟಾವಿನ ನಂತರ ಕಡಲೆಕಾಯಿ, ರಾಗಿ, ಮುಸುಕಿನ ಜೋಳದ ಹೊಲಗಳಿಗೆ ಮಂದೆಯನ್ನು ಬಿಡುವ ಕಾಲ. ಹೊಲದಲ್ಲಿ ಉದುರಿದ ಕಾಳು ಮತ್ತು ತೆನೆ ಕುರಿಯ ಹೊಟ್ಟೆ ಸೇರುತ್ತವೆ. ಮೂರನೆಯದು, ಬಕ್ರೀದ್ ಹಾಗೂ ಊರಹಬ್ಬಗಳ ಮಾರಾಟಕ್ಕಾಗಿ ಟಗರುಗಳಿಗೆ ಕಾಳು, ಹಿಂಡಿ, ಬೂಸಾ ಕೊಟ್ಟು ಕೊಬ್ಬಿಸುವ ಕಾಲ. ಹೆಚ್ಚಿನ ಬೆಲೆಯ ನಿರೀಕ್ಷೆಯಲ್ಲಿ ಒಮ್ಮೆಲೇ ಕಾಳು ಹೆಚ್ಚಿಸುವುದು ಅದೇ ಟಗರಿನ ಸಾವಿಗೆ ಕಾರಣವಾಗಬಹುದು.

ಲಸಿಕೆಯ ಲೆಕ್ಕಾಚಾರ

ಕರುಳುಬೇನೆಯ ಲಸಿಕೆಯನ್ನು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ತಯಾರಿಸುತ್ತದೆ. ಮೊದಲ ಬಾರಿಗೆ ಲಸಿಕೆ ಪಡೆಯುವ ಕುರಿಗೆ ಎರಡು ಚುಚ್ಚುಮದ್ದು ಅಗತ್ಯ. ಎರಡನೆಯದನ್ನು ಮೊದಲನೆಯದರ 2ರಿಂದ 3 ವಾರಗಳ ನಂತರ ಕೊಡಿಸಬೇಕು. ಅದಾದ ಮೇಲೆ ಪೂರ್ಣ ರಕ್ಷಣೆ ದೊರೆಯಲು ಸುಮಾರು 2 ವಾರಗಳು ಹಿಡಿಯುತ್ತವೆ. ಮುಂದಿನ ವರ್ಷಗಳಲ್ಲಿ ಮಳೆಗೆ ಮುನ್ನ ಒಂದು ಚುಚ್ಚುಮದ್ದು ಸಾಕು.

ಈ ಅಂತರವನ್ನು ಹಿಮ್ಮುಖವಾಗಿ ಎಣಿಸಬೇಕು. ಮೃಗಶಿರ ಮಳೆ ಜೂನ್ ಎರಡನೆಯ ವಾರದಲ್ಲಿ ಆರಂಭವಾಗುತ್ತದೆ. ಅದಕ್ಕೂ ಮೊದಲೇ ಹಸಿರು ಚಿಗುರುವುದುಂಟು. ಮೇ ತಿಂಗಳ ಕೊನೆಗೆ ರಕ್ಷಣೆ ಸಿದ್ಧವಾಗಿರಬೇಕಾದರೆ ಎರಡನೆಯ ಚುಚ್ಚುಮದ್ದು ಮೇ ಮೊದಲಾರ್ಧದಲ್ಲಿ, ಮೊದಲನೆಯದು ಏಪ್ರಿಲ್ ತಿಂಗಳಲ್ಲಿ ಮುಗಿದಿರಬೇಕು. ಯುಗಾದಿ ಕಳೆದೊಡನೆ ಪಂಚಾಯಿತಿಯು ಪಶು ಆಸ್ಪತ್ರೆಯೊಂದಿಗೆ ದಿನಾಂಕವನ್ನು ಗೊತ್ತುಪಡಿಸಿದರೆ ಮಾತ್ರ ಇದು ಸಾಧ್ಯ. ಮಳೆ ಬಂದ ಮೇಲೆ ನಡೆಸುವ ಶಿಬಿರ ಆ ವರ್ಷದ ಮೊದಲ ಅಪಾಯವನ್ನು ತಡೆಯಲಾರದು.

ಗರ್ಭಧರಿಸಿದ ಕುರಿಗೆ ಈಯುವ 4ರಿಂದ 6 ವಾರ ಮೊದಲು ಲಸಿಕೆ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದೊರೆಯುತ್ತದೆ. ಅಂತಹ ಮರಿಗೆ 3ರಿಂದ 4 ತಿಂಗಳ ವಯಸ್ಸಿನಲ್ಲಿ ಲಸಿಕೆ ಆರಂಭಿಸಬಹುದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಶಿಬಿರದ ದಿನ ಬಿಸಿಲಿನಲ್ಲಿಟ್ಟ ಬಾಟಲಿಯಿಂದ ಪ್ರಯೋಜನವಿಲ್ಲ.

ಮಂದೆಯ ನಿರ್ವಹಣೆ

ಲಸಿಕೆಯಷ್ಟೇ ಮುಖ್ಯವಾದದ್ದು ಮೇವಿನ ಬದಲಾವಣೆಯ ಕ್ರಮ. ಹಸಿರು ಮೇವಿಗೆ ಬಿಡುವ ಮುನ್ನ ಬೆಳಿಗ್ಗೆ ಸ್ವಲ್ಪ ಒಣಹುಲ್ಲು ಕೊಡಬೇಕು. ಮೊದಲ ದಿನಗಳಲ್ಲಿ ಅಲ್ಪಕಾಲ ಮಾತ್ರ ಮೇಯಿಸಿ, 10ರಿಂದ 14 ದಿನಗಳಲ್ಲಿ ಕ್ರಮೇಣ ಅವಧಿಯನ್ನು ಹೆಚ್ಚಿಸಬೇಕು. ಕಾಳು ಮತ್ತು ಹಿಂಡಿಗೂ ಇದೇ ನಿಯಮ. ಲಸಿಕೆಗೆ ಮುನ್ನ ಜಂತುನಾಶಕ ಕುಡಿಸುವುದು ಒಳ್ಳೆಯದು. ಸಂತೆಯಿಂದ ತಂದ ಕುರಿಗಳನ್ನು ಕನಿಷ್ಠ 2 ವಾರ ಬೇರೆಯಾಗಿರಿಸಿ, ಲಸಿಕೆ ಆಗಿದೆಯೇ ಎಂದು ವಿಚಾರಿಸಿದ ನಂತರವೇ ಮಂದೆಗೆ ಸೇರಿಸಬೇಕು.

ಹಂದಿ ಸಾಕುವ ಕುಟುಂಬಗಳಿಗೂ ಈ ಪಾಠ ಅನ್ವಯಿಸುತ್ತದೆ. ಇದೇ ಬ್ಯಾಕ್ಟೀರಿಯಾದ ಸಿ ಪ್ರಭೇದ ಹುಟ್ಟಿದ ಕೆಲವೇ ದಿನಗಳ ಹಂದಿಮರಿಗಳಲ್ಲಿ ರಕ್ತಭೇದಿಯನ್ನುಂಟುಮಾಡಿ ಕೊಲ್ಲುತ್ತದೆ, ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬಿಳಿ ಅಥವಾ ಹಳದಿ ಭೇದಿಯನ್ನು ತರುತ್ತದೆ. ಈಯುವ ಜಾಗವನ್ನು ತೊಳೆದು ಒಣಗಿಸುವುದು, ಹುಟ್ಟಿದ ಮರಿಗೆ ಮೊದಲ ಕೆಲವು ಗಂಟೆಗಳಲ್ಲೇ ಗಿಣ್ಣುಹಾಲು ಕುಡಿಸುವುದು, ಮರಿಗಳನ್ನು ಬೆಚ್ಚಗಿರಿಸುವುದು ಮೂಲ ಕ್ರಮಗಳು.

ಹಠಾತ್ ಸಾವು ಸಂಭವಿಸಿದಾಗ

ಹಠಾತ್ತನೆ ಸತ್ತ ಕುರಿಯನ್ನು ಪಶುವೈದ್ಯರು ಬರುವ ಮುನ್ನ ಕೊಯ್ಯಬಾರದು, ಸುಲಿಯಬಾರದು, ಮಾಂಸವನ್ನು ಹಂಚಬಾರದು. ನೆರಡಿ ರೋಗದಲ್ಲಿಯೂ ಸಾವು ಹೀಗೆಯೇ ಹಠಾತ್ತನೆ ಬರುತ್ತದೆ ಮತ್ತು ಅದು ಮನುಷ್ಯರಿಗೂ ಹರಡುತ್ತದೆ. ಮೂಗು, ಬಾಯಿ ಅಥವಾ ಗುದದಿಂದ ಹೆಪ್ಪುಗಟ್ಟದ ರಕ್ತ ಸುರಿದಿದ್ದರೆ ಯಾರೂ ಮುಟ್ಟದಂತೆ ಕಾವಲಿಡಬೇಕು. 2009ರ ಪ್ರಾಣಿಗಳಲ್ಲಿನ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮದ ಪ್ರಕಾರ ಅನುಸೂಚಿತ ರೋಗದ ಶಂಕೆಯಿದ್ದಲ್ಲಿ ಮಾಲೀಕರು ಗ್ರಾಮಾಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು. ಅಲ್ಲಿಂದ ವರದಿ ಪಶುವೈದ್ಯರಿಗೆ ತಲುಪಬೇಕು. 1962 ಸಹಾಯವಾಣಿಗೂ ಕರೆ ಮಾಡಬಹುದು. ಪಶುವೈದ್ಯರ ಪರೀಕ್ಷೆಯಿಲ್ಲದೆ ಹೂತರೆ ಸಾವಿನ ಕಾರಣ ತಿಳಿಯುವುದಿಲ್ಲ. ಪರಿಹಾರದ ಅರ್ಜಿಗೂ ಆಧಾರವಿಲ್ಲದಂತಾಗುತ್ತದೆ. ಪರೀಕ್ಷೆಯ ನಂತರ ಕೆರೆ, ಬಾವಿಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು.

ಪಂಚಾಯಿತಿ ಕೈಗೊಳ್ಳಬೇಕಾದ ಕ್ರಮಗಳು

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಶುಸಂಗೋಪನೆ ಪಂಚಾಯತ್ ರಾಜ್ ಸಂಸ್ಥೆಗಳ ವಿಷಯವಾಗಿದೆ. ಅದರಂತೆ ಈ ಕೆಳಕಂಡ ಕ್ರಮಗಳು ಸೂಕ್ತ.

1. ಪ್ರತಿ ಮಾರ್ಚ್ ತಿಂಗಳಲ್ಲಿ ವಾರ್ಡುವಾರು ಕುರಿ, ಮೇಕೆ, ಹಂದಿ ಸಾಕುವ ಕುಟುಂಬಗಳ ಪಟ್ಟಿ ಸಿದ್ಧಪಡಿಸಿ, ಅಗತ್ಯ ಲಸಿಕೆಯ ಪ್ರಮಾಣವನ್ನು ಪಶು ಆಸ್ಪತ್ರೆಗೆ ಲಿಖಿತವಾಗಿ ತಿಳಿಸುವುದು.

2. ಎರಡೂ ಚುಚ್ಚುಮದ್ದುಗಳ ದಿನಾಂಕವನ್ನು ಒಟ್ಟಿಗೆ ಪ್ರಕಟಿಸಿ ಡಂಗುರ ಸಾರಿಸುವುದು. ಎರಡನೆಯದು ತಪ್ಪಿದರೆ ಮೊದಲನೆಯದರ ಶ್ರಮವೂ ಬಹುಪಾಲು ವ್ಯರ್ಥ.

3. ಬೇಸಿಗೆಯಲ್ಲಿ ಮೇವು ಅರಸಿ ಹೊರಗೆ ಹೋಗುವ ಮಂದೆಗಳ ಮಾಲೀಕರನ್ನು ಮೊದಲೇ ಸಂಪರ್ಕಿಸಿ, ಹೊರಡುವ ಮುನ್ನ ಅಥವಾ ಮರಳಿದ ಕೂಡಲೇ ಲಸಿಕೆ ಹಾಕಿಸುವುದು. ಪಟ್ಟಿಯಿಂದ ಬಿಟ್ಟುಹೋಗುವವರು ಸಾಮಾನ್ಯವಾಗಿ ಇವರೇ.

4. ಶಿಬಿರ ಗೊಲ್ಲರಹಟ್ಟಿ ಹಾಗೂ ದೂರದ ಪಾಳ್ಯಗಳಲ್ಲಿಯೇ, ಮಂದೆ ಮೇಯಲು ಹೊರಡುವ ಮುನ್ನ ಬೆಳಿಗ್ಗೆ ನಡೆಯುವಂತೆ ಏರ್ಪಡಿಸುವುದು. ನೆರಳು, ನೀರು, ತಡೆಬೇಲಿ ಒದಗಿಸುವುದು.

5. ಮೃತಪ್ರಾಣಿಗಳನ್ನು ಹೂಳಲು ಸ್ಥಳವನ್ನು ಗುರುತಿಸಿಡುವುದು.

ಸಾಮಾನ್ಯ ಸಭೆಯ ಚರ್ಚೆಗೆ

ಕಳೆದ ಮುಂಗಾರಿನಲ್ಲಿ ಪಂಚಾಯಿತಿ ವ್ಯಾಪ್ತಿಯಲ್ಲಿ ಎಷ್ಟು ಮರಿಗಳು ಹಠಾತ್ತನೆ ಸತ್ತವು? ಅವುಗಳಲ್ಲಿ ಎಷ್ಟು ಸಾವುಗಳು ಪಶುವೈದ್ಯರ ಗಮನಕ್ಕೆ ಬಂದವು? ಯಾವ ಹಟ್ಟಿಗಳಿಗೆ ಎರಡನೆಯ ಚುಚ್ಚುಮದ್ದು ತಲುಪಲಿಲ್ಲ? ಈ ಮೂರು ಪ್ರಶ್ನೆಗಳಿಗೆ ವಾರ್ಡುವಾರು ಉತ್ತರ ದಾಖಲಾದರೆ ಮುಂದಿನ ಏಪ್ರಿಲ್ ತಿಂಗಳ ಕೆಲಸದ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.